ಗುಂಯ್ ಎನ್ನದ ಕರೆಂಟು

ಫೆಬ್ರವರಿ 6

ಅಕ್ಕನಿಗೆ,

ನಾನು, ತಗಡು. ಈ ಹೆಸರಿನಿಂದ ನನ್ನನ್ನು ಯಾರೂ ಕರೆಯದೆ ಒಂಬತ್ತು ವರ್ಷವಾಯಿತು. ಬರೆದು ನೋಡಿದರೆ ಬೇರೆ ಯಾರದೋ ಹೆಸರಿನಂತೆ ಕಾಣುತ್ತದೆ. ಫೋನ್ ಮಾಡಬಹುದಿತ್ತು. ಹೋದ ವರ್ಷ ಎರಡು ಸಲ ವರ್ಕ್‌ಶಾಪಿಗೆ ಮಾಡಿದ್ದೆ ಕೂಡ. ಎರಡು ಸಲವೂ ಅಪ್ಪನೇ ಎತ್ತಿ "ಯಾರ್ರೀ ಅದು, ಮಾತಾಡ್ರೀ" ಅಂದರು. ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಒಂದು ಕೆಲಸದ ವಿಷಯ ಕೇಳಬೇಕು. ನಾನೀಗ ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿದ್ದೇನೆ. ಹಗಲೆಲ್ಲ ಮೋಟಾರು ಕೋಣೆಗಳ ಸದ್ದು ಕಿವಿಯಲ್ಲಿ. ಬೆಳಗ್ಗೆ ಡ್ಯೂಟಿಗೆ ಮುಂಚಿನ ಒಂದೂವರೆ ಗಂಟೆ ಮಾತ್ರ ನನ್ನದು. ಆ ಹೊತ್ತಿನಲ್ಲಿ ಒಂದು ವಾದ್ಯ ಕಟ್ಟುತ್ತಿದ್ದೇನೆ. ನಾವು ಚಿಕ್ಕವರಿದ್ದಾಗ ಟೀವಿಗೆ ಸಿಕ್ಕಿಸಿ ಆಡುವ ಕಂಪ್ಯೂಟರ್ ಬರುತ್ತಿತ್ತಲ್ಲ, ಅದರೊಳಗೆ ಸದ್ದು ಹುಟ್ಟಿಸಲೆಂದೇ ಒಂದು ಚಿಪ್ ಇರುತ್ತಿತ್ತು. ಇಪ್ಪತ್ತೆಂಟು ಕಾಲಿನ ಕಪ್ಪು ಹುಳ. ಈಗ ಅದನ್ನು ಯಾರೂ ತಯಾರಿಸುವುದಿಲ್ಲ. ಗುಜರಿ ಅಂಗಡಿಗಳನ್ನು ಜಾಲಾಡಿ ಮೂರು ಸಂಪಾದಿಸಿದೆ. ಒಂದು ಕೀಲಿಮಣೆ, ನಾಲ್ಕು ಗುಂಡಿ, ನಡುವೆ ಈ ಚಿಪ್. ದನಿ ಸ್ವಲ್ಪ ಒರಟು, ಮೂಗಿನಲ್ಲಿ ಹಾಡಿದ ಹಾಗೆ. ಆದರೆ ಅದರಲ್ಲಿ ಜೀವವಿದೆ.

ತೊಂದರೆ ಕರೆಂಟಿನದು. ಚಿಪ್ಪಿಗೆ ಹನ್ನೆರಡು ವೋಲ್ಟೂ ಬೇಕು, ಐದು ವೋಲ್ಟೂ ಬೇಕು. ಅಂಗಡಿಯ ಅಡಾಪ್ಟರ್ ಹಾಕಿದರೆ ಸೊಳ್ಳೆಯಂಥ ಸಿಳ್ಳು. ಹಳೆಯ ಪವರ್ ಪೆಟ್ಟಿಗೆ ಹಾಕಿದೆ. ಅದು ಒಂದು ಬೆಳಗ್ಗೆ ಐದು ವೋಲ್ಟಿಗೆ ಬದಲಾಗಿ ಒಂಬತ್ತು ಕೊಟ್ಟು ಒಂದು ಚಿಪ್ಪನ್ನು ಸುಟ್ಟಿತು. ಉಳಿದದ್ದು ಎರಡು. ಕೊನೆಗೆ ನಾನೇ ಒಂದು ಮಾಡಿದೆ. ಏನೂ ನುಡಿಸದೆ ಸುಮ್ಮನಿದ್ದರೂ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ನನಗೆ ಆ ಗುಂಯ್ ಬೇಡ. ಕೀಲಿ ಒತ್ತುವವರೆಗೆ ಏನೂ ಕೇಳಿಸಬಾರದು. ಇದೊಂದನ್ನು ಮಾಡಿಯೇ ತೀರುತ್ತೇನೆ.

ಒಳ್ಳೆಯ ಟ್ರಾನ್ಸ್‌ಫಾರ್ಮರ್ ಸುತ್ತುವವರು ನನಗೆ ಗೊತ್ತಿರುವುದು ಇಬ್ಬರೇ. ಅದರಲ್ಲಿ ಒಬ್ಬರ ಕೈ ಈಗ ಸುತ್ತುವುದಿಲ್ಲ. ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ.

ನಿನ್ನ ತಮ್ಮ

—

ಫೆಬ್ರವರಿ 17

ತಗಡು,

ಕಾಗದ ಸಿಕ್ಕಿತು. ಪೋಸ್ಟಿನವರ ಕೈಯಿಂದ ನಾನೇ ತೆಗೆದುಕೊಂಡೆ. ಅಪ್ಪನಿಗೆ ಹೇಳಿಲ್ಲ.

ಬದುಕಿದ್ದೀಯಲ್ಲ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ, ಮೊದಲು ಕೆಲಸ. ಬರೀ "ಗುಂಯ್ ಅನ್ನುತ್ತದೆ" ಅಂದರೆ ಗಿರಾಕಿಗಳು ಬಂದು "ಮಿಕ್ಸಿ ಒಂಥರಾ ಆಡುತ್ತೆ" ಅಂದ ಹಾಗಾಯಿತು. ಎಷ್ಟು ಆಂಪಿಯರು, ಪೆಟ್ಟಿಗೆ ಎಷ್ಟು ದೊಡ್ಡದು, ಟ್ರಾನ್ಸ್‌ಫಾರ್ಮರಿಗೂ ಚಿಪ್ಪಿಗೂ ಎಷ್ಟು ದೂರ? ಗುಂಯ್ ದಪ್ಪಗಿದೆಯೋ, ದಪ್ಪದ ಮೇಲೆ ಕೊರೆಯುವ ಹಾಗಿದೆಯೋ? ದಪ್ಪಗಿದ್ದರೆ ಟ್ರಾನ್ಸ್‌ಫಾರ್ಮರ್ ಪಕ್ಕದ ತಂತಿಗಳಿಗೆ ಅಂಟಿಸುತ್ತಿರುವ ಸದ್ದು. ಕೊರೆಯುವ ಹಾಗಿದ್ದರೆ ನಿನ್ನ ವೈರಿಂಗಿನದು. ಸರ್ಕ್ಯೂಟಿನ ಚಿತ್ರ ಬರೆದು ಕಳಿಸು. ಅಂದಾಜಿನ ಮೇಲೆ ನಾನು ಸುತ್ತುವುದಿಲ್ಲ.

ಹನ್ನೆರಡು ವೋಲ್ಟಿಗೂ ಐದು ವೋಲ್ಟಿಗೂ ಬೇರೆ ಬೇರೆ ಸುರುಳಿ ಕೊಡುತ್ತೇನೆ. ಒಂದೇ ತಟ್ಟೆಯಲ್ಲಿ ಇಬ್ಬರೂ ಕೈ ಹಾಕುವುದು ಬೇಡ.

ಅಪ್ಪ ಚೆನ್ನಾಗಿದ್ದಾರೆ. ವರ್ಕ್‌ಶಾಪಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೋಟಾರು ತಿರುಗುವ ಸದ್ದು ಕೇಳಿಯೇ ಏನು ಕೆಟ್ಟಿದೆ ಎಂದು ಹೇಳುತ್ತಾರೆ. ಬಿಚ್ಚುವುದು, ಸುತ್ತುವುದು ನಾನು.

ಅಕ್ಕ

—

ಮಾರ್ಚ್ 3

ಅಕ್ಕ,

ಚಿತ್ರ ಇದರ ಜೊತೆಗಿದೆ. ಗುಂಯ್ ಎರಡೂ ತರಹದ್ದು: ಕೆಳಗೆ ದಪ್ಪ, ಮೇಲೆ ಕೊರೆತ. ಪೆಟ್ಟಿಗೆ ಶೂ ಡಬ್ಬಿಯಷ್ಟು. ಟ್ರಾನ್ಸ್‌ಫಾರ್ಮರನ್ನು ಬೇರೆ ಕಬ್ಬಿಣದ ಡಬ್ಬಿಯಲ್ಲಿಟ್ಟು ಒಂದು ಮೀಟರ್ ದೂರ ಇಡಬಲ್ಲೆ.

ಚಿಪ್ ಉಳಿಯಲೆಂದು ಒಂದು ಕಾವಲು ಸರ್ಕ್ಯೂಟ್ ಹಾಕಿದ್ದೇನೆ. ವೋಲ್ಟೇಜು ಮೇಲೇರಿದ ಕೂಡಲೇ ಅದು ದಾರಿಗೆ ಅಡ್ಡ ಮಲಗಿ ಫ್ಯೂಸನ್ನು ಹಾರಿಸುತ್ತದೆ. ಫ್ಯೂಸು ಹೋದರೆ ಹೋಗಲಿ, ಚಿಪ್ ಉಳಿಯುತ್ತದೆ. ಒಟ್ಟು ಏಳು ಫ್ಯೂಸು ಹಾಕಿದ್ದೇನೆ. ನನ್ನ ಹೆಂಡತಿ ನೋಡಿ "ಇದು ಹಾಡೋ ಪೆಟ್ಟಿಗೆನೋ, ಬ್ಯಾಂಕ್ ಲಾಕರ್ರೋ?" ಅಂತ ಕೇಳಿದಳು.

ಹೌದು, ಮದುವೆಯಾಗಿದೆ. ನಾಲ್ಕು ವರ್ಷವಾಯಿತು. ಅವಳು ಟೈಲರ್. ಮುಂದಿನ ಕೋಣೆ ಅವಳ ಹೊಲಿಗೆ ಮೆಷಿನ್ನಿಗೆ, ಹಿಂದಿನ ಬಾಲ್ಕನಿ ನನ್ನ ಬೆಸುಗೆ ಕಡ್ಡಿಗೆ. ನಿನ್ನ ಬಗ್ಗೆ ಹೇಳಿದ್ದೇನೆ. ಅವತ್ತಿನದನ್ನೂ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ. "ಅತ್ತಿಗೆ ಅಕ್ಷರ ನಿಮ್ಮದರ ಹಾಗೇ ಇದೆಯಲ್ಲ" ಅಂದಳು ನಿನ್ನ ಕಾಗದ ನೋಡಿ.

ತಗಡು

—

ಮಾರ್ಚ್ 24

ತಗಡು,

ಮದುವೆಯ ಸುದ್ದಿಯನ್ನು ಫ್ಯೂಸಿನ ಲೆಕ್ಕದ ಕೆಳಗೆ ಬರೆಯುವವನು ನೀನೊಬ್ಬನೇ ಇರಬೇಕು. ಅವಳಿಗೆ ನನ್ನ ನೆನಪು ಹೇಳು.

ಟ್ರಾನ್ಸ್‌ಫಾರ್ಮರ್ ಪಾರ್ಸೆಲ್ ಮಾಡಿದ್ದೇನೆ. ಮೇನ್ಸ್ ಕಡೆಯ ಸುರುಳಿಗೂ ನಿನ್ನ ಕಡೆಯ ಸುರುಳಿಗಳಿಗೂ ನಡುವೆ ತಾಮ್ರದ ತೆಳು ಹಾಳೆ ಸುತ್ತಿದ್ದೇನೆ. ಊರೆಲ್ಲರ ಕರೆಂಟಿನ ಕಸ ನಿನ್ನ ಕಡೆಗೆ ದಾಟದಂತೆ ಅದು ತಡೆಯುತ್ತದೆ. ಹಸಿರು ತಂತಿ ಅದರದ್ದು, ಅರ್ಥಿಂಗ್‌ಗೆ ಕೊಡು.

ಒಂದು ವಿಷಯ ಹೇಳಬೇಕು. ಹಾಳೆ ಸುತ್ತುವಾಗ ಅಪ್ಪ ಕುರ್ಚಿಯಿಂದ ಎದ್ದು ಬಂದರು.

"ಯಾವ ಗಿರಾಕಿದು?"

"ಲಿಫ್ಟ್ ರಿಪೇರಿಯವರದು."

"ಲಿಫ್ಟಿಗೆ ಇಷ್ಟು ನಾಜೂಕು ಯಾಕೆ?"

"ಸದ್ದೇ ಬರಬಾರದಂತೆ."

ಅವರು ಬಗ್ಗಿ ನೋಡಿದರು. "ಹಾಳೆಯ ಎರಡು ತುದಿ ತಾಕ್ತಾ ಇವೆ ನೋಡು. ತಾಕಿದ್ರೆ ಅದೇ ಒಂದು ಸುತ್ತು ಆಗಿ ಕಾದು ಕೆಂಡ ಆಗುತ್ತೆ. ನಡುವೆ ಕಾಗದ ಇಡು. ಬಿಚ್ಚು, ಮತ್ತೆ ಸುತ್ತು." ಬಿಚ್ಚಿದೆ. ಮತ್ತೆ ಸುತ್ತಿದೆ. ಅವರು ನಿಂತೇ ಇದ್ದರು. ಕೊನೆಗೆ, "ಸದ್ದು ಬೇಡ ಅಂತ ಕೇಳೋ ಗಿರಾಕಿ ಇದ್ದಾನಲ್ಲ, ಕೆಲಸ ಗೊತ್ತಿರೋನೇ" ಅಂದು ಹೋಗಿ ಕೂತರು.

ಏಳು ಫ್ಯೂಸು ಯಾಕೋ ಮಾರಾಯ? ಮೂರು ಸಾಕು. ಮೊದಲು ನಗು ಬಂತು ನನಗೆ. ಆಮೇಲೆ ಬರಲಿಲ್ಲ.

ಅಕ್ಕ

—

ಏಪ್ರಿಲ್ 12

ಅಕ್ಕ,

ಟ್ರಾನ್ಸ್‌ಫಾರ್ಮರ್ ಕೂರಿಸಿದೆ. ದಪ್ಪ ಗುಂಯ್ ಹೋಯಿತು! ನಂಬಲಾಗದೆ ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಕೊರೆಯುವುದು ಮಾತ್ರ ಹಾಗೇ ಇದೆ. ಅಂದರೆ ನೀನು ಹೇಳಿದಂತೆ ತಪ್ಪು ನನ್ನ ವೈರಿಂಗಿನದು. ಅದೇನು ಹೊಸದಲ್ಲವಲ್ಲ.

ಏಳು ಫ್ಯೂಸು ಯಾಕೆ ಎಂದು ಕೇಳಿದ್ದೀಯ. ಹೇಳುತ್ತೇನೆ. ನಾನು ಜೋಡಿಸಿದ ಯಾವುದನ್ನೂ ನಾನು ನಂಬುವುದಿಲ್ಲ. ಬೆಳಗ್ಗೆ ಪ್ಲಗ್ ಕಿತ್ತಿಟ್ಟು ಡ್ಯೂಟಿಗೆ ಹೊರಡುತ್ತೇನೆ. ಅರ್ಧ ದಾರಿಯಲ್ಲಿ, ಕಿತ್ತೆನೋ ಇಲ್ಲವೋ ಎನಿಸುತ್ತದೆ. ವಾಪಸು ಹೋಗುತ್ತೇನೆ. ಒಮ್ಮೆ ಒಂದೇ ಬೆಳಗ್ಗೆ ಎರಡು ಸಲ ಹೋದೆ. ನನ್ನ ಹೆಂಡತಿ ಈಗ ಪ್ಲಗ್ಗನ್ನು ಕಿಟಕಿಯಿಂದ ಎತ್ತಿ ತೋರಿಸುತ್ತಾಳೆ, ನೋಡಿಕೊಂಡು ಹೊರಡುತ್ತೇನೆ. ಕೆಲಸದ ಜಾಗದಲ್ಲೂ ಅಷ್ಟೇ. ಹಿರಿಯ ಮೆಕ್ಯಾನಿಕ್ ಆಗೆಂದು ಎರಡು ಸಲ ಕರೆದರು. ಆದರೆ ನನ್ನ ಜೋಡಣೆಗೆ ನಾನೇ ಸಹಿ ಹಾಕಬೇಕಾಗುತ್ತದೆ. ಬೇಡ ಅಂದೆ.

ಅಪ್ಪನ ಕೈ ನೋಡಿದವನು ನಾನು. ಏಳು ಹೆಚ್ಚಲ್ಲ ಅಕ್ಕ.

ಕೊರೆತವನ್ನು ಹುಡುಕಿ ತೆಗೆಯುತ್ತೇನೆ. ಎಷ್ಟು ತಿಂಗಳಾದರೂ ಸರಿ.

ತಗಡು

—

ಏಪ್ರಿಲ್ 30

ತಗಡು,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಈ ಉತ್ತರವನ್ನು ನಾಲ್ಕು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಅವತ್ತು ಬೆಂಕಿ ಹತ್ತಿದ್ದು ನಿನ್ನ ವೈರಿಂಗಿನಿಂದ ಅಲ್ಲ.

ಹಿಂದಿನ ವಾರ ನೀನು ಟೆಸ್ಟ್ ಬೆಂಚಿಗೆ ಹೊಸದಾಗಿ ತಂತಿ ಎಳೆದಿದ್ದೆ. ಅವತ್ತು ಬೆಳಗ್ಗೆಯಿಂದ ಬೆಂಚಿನ ಫ್ಯೂಸು ಹೋಗುತ್ತಲೇ ಇತ್ತು. ನೀನು ಸಾಮಾನು ತರಲು ಹೊರಗೆ ಹೋಗಿದ್ದೆ. ಪಂಪಿನ ದೊಡ್ಡ ಮೋಟಾರನ್ನು ಸಂಜೆಯೊಳಗೆ ಕೊಡಬೇಕಿತ್ತು, ಅವರ ಆಳು ಬಾಗಿಲಲ್ಲೇ ನಿಂತಿದ್ದ. ಮೂರನೆಯ ಸಲ ಫ್ಯೂಸು ಹೋದಾಗ ನಾನು ಸುರುಳಿ ತಂತಿಯನ್ನು ಎರಡು ಎಳೆ ಮಾಡಿ ಫ್ಯೂಸಿನ ಜಾಗಕ್ಕೆ ಸುತ್ತಿಬಿಟ್ಟೆ. ಒಂದು ಗಂಟೆಯ ಮಟ್ಟಿಗೆ ಅಂದುಕೊಂಡೆ. ಆಮೇಲೆ ಮರೆತೆ. ಫ್ಯೂಸು ಹೋಗುತ್ತಿದ್ದದ್ದು ಆ ಮೋಟಾರು ಒಳಗೆ ಕೆಟ್ಟಿದ್ದರಿಂದ. ನಿನ್ನ ತಂತಿ ಸರಿಯಾಗಿಯೇ ಇತ್ತು. ಹೋಗಬೇಕಾದ ಫ್ಯೂಸು ಹೋಗದೆ, ಗೋಡೆಯೊಳಗಿನ ತಂತಿ ಕಾದು ಹತ್ತಿಕೊಂಡಿತು. ಅಪ್ಪ ಸುರುಳಿಗಳನ್ನು ಉಳಿಸಲು ಕೈ ಹಾಕಿದರು.

ಮರುದಿನ ಬೂದಿಯಲ್ಲಿ ಆ ಫ್ಯೂಸಿನ ಪಿಂಗಾಣಿ ಸಿಕ್ಕಿತು. ತಾಮ್ರ ಕರಗಿ ಗುಂಡಾಗಿ ಅಂಟಿತ್ತು. ಚರಂಡಿಗೆ ಎಸೆದೆ. ಆಸ್ಪತ್ರೆಯಲ್ಲಿ ಅಪ್ಪ ನಿನಗೆ "ನೀನು ಮುಟ್ಟಿದ ತಂತಿ ಇನ್ನು ನನ್ನ ಮನೆಯಲ್ಲಿ ಬೇಡ" ಅಂದಾಗ ನಾನು ಮಂಚದ ಇನ್ನೊಂದು ಬದಿಯಲ್ಲಿ ನಿಂತಿದ್ದೆ. ನಾಳೆ ಹೇಳುತ್ತೇನೆ ಅಂದುಕೊಂಡೆ. ಎಂಟನೆಯ ದಿನ ನೀನು ಹೊರಟುಹೋದೆ. ಆಮೇಲೆ ಹೇಳುವುದು ಪ್ರತಿ ವರ್ಷ ಇನ್ನಷ್ಟು ಕಷ್ಟವಾಯಿತು.

ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ. ನಿನಗೆ ನಿಜ ಗೊತ್ತಿರಬೇಕು, ಅಷ್ಟೇ.

ಅಕ್ಕ

—

ಮೇ 29

ತಗಡು,

ಉತ್ತರ ಬರಲಿಲ್ಲ. ಬರಬೇಕು ಎಂದು ಕೇಳುವ ಹಕ್ಕು ನನಗಿಲ್ಲ. ಕೆಲಸ ಮಾತ್ರ ಬಿಡಬೇಡ. ಚಿಪ್ಪನ್ನು ಸಾಕೆಟ್ಟಿಗೆ ಹಾಕುವ ಮೊದಲು ಪ್ರತಿ ಸಲವೂ ಎರಡು ವೋಲ್ಟೇಜನ್ನೂ ಅಳೆ.

ಅಕ್ಕ

—

ಜೂನ್ 27

ಅಕ್ಕ,

ನಿನ್ನ ಕಾಗದ ಓದಿದ ದಿನ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಅಟ್ಟಕ್ಕೆ ಎಸೆದೆ. ಆರು ವಾರ ಅದರ ಮುಖ ನೋಡಲಿಲ್ಲ. ಲಿಫ್ಟಿನ ಕೆಳಗಿನ ಗುಂಡಿಯೊಳಗೆ ಕೂತು ಒಬ್ಬನೇ ಬೈದಿದ್ದೇನೆ ನಿನ್ನನ್ನು, ಮೇಲಿನಿಂದ ಜೊತೆಗಾರ "ಯಾರ ಜೊತೆ ಜಗಳ?" ಅಂತ ಕೂಗುವಷ್ಟು. ನೀನು ಒಂದು ಗಂಟೆಯ ಮಟ್ಟಿಗೆ ಅಂದುಕೊಂಡೆಯಂತೆ. ನನಗೆ ಆ ಗಂಟೆ ಒಂಬತ್ತು ವರ್ಷ ನಡೆಯಿತು.

ನನ್ನ ಹೆಂಡತಿ ಒಂದು ದಿನ ಅಟ್ಟ ಹತ್ತಿ ಅದನ್ನು ಇಳಿಸಿ ನನ್ನ ಮುಂದೆ ಇಟ್ಟಳು. "ಸಿಟ್ಟು ಅತ್ತಿಗೆ ಮೇಲೆ. ಪೆಟ್ಟಿಗೆ ಏನು ಮಾಡಿತು? ನೀವು ಶುರು ಮಾಡಿದ್ದು ನೀವು ಮುಗಿಸಿ" ಅಂದಳು. ಸರಿ ಎನಿಸಿತು. ಮತ್ತೆ ಕೂರಿಸಿದೆ. ಏಳರಲ್ಲಿ ನಾಲ್ಕು ಫ್ಯೂಸು ಕಿತ್ತೆ. ಮೊನ್ನೆ ಪ್ಲಗ್ ಕಿತ್ತು ಡ್ಯೂಟಿಗೆ ಹೊರಟೆ, ವಾಪಸು ಬರಲಿಲ್ಲ. ಸಂಜೆಯವರೆಗೆ ಅದು ನೆನಪೇ ಆಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕೊರೆತ ಇನ್ನೂ ಹೋಗಿಲ್ಲ. ಹದಿನಾಲ್ಕು ತರಹ ಮಾಡಿ ನೋಡಿದೆ.

ನಿನ್ನನ್ನು ಒಂದೇ ಕೇಳುತ್ತೇನೆ. ನನಗೆ ಬರೆದದ್ದನ್ನು ಅಪ್ಪನಿಗೆ ಹೇಳು. ಕಾಗದದಲ್ಲಲ್ಲ, ಎದುರು ಕೂತು. ಅದಾದ ಮೇಲೆ ಬರೆ. ಅಲ್ಲಿಯವರೆಗೆ ಬರೆಯಬೇಡ.

ತಮ್ಮ

—

ಜುಲೈ 19

ತಗಡು,

ಹೇಳಿದೆ. ನಿನ್ನ ಕಾಗದ ಬಂದ ದಿನವೇ, ಮಧ್ಯಾಹ್ನ, ವರ್ಕ್‌ಶಾಪಿನ ಬಾಗಿಲು ಅರ್ಧ ಎಳೆದುಕೊಂಡು.

ಅಪ್ಪ ಕೊನೆಯವರೆಗೂ ಕೇಳಿದರು. ಆಮೇಲೆ, "ಒಂಬತ್ತು ವರ್ಷ ಈ ಕೈ ನೋಡ್ಕೊಂಡೇ ದಿನಾ ನನಗೆ ಊಟ ಬಡಿಸಿದ್ದೀಯಲ್ಲೇ" ಅಂದರು. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಹನ್ನೊಂದು ದಿನ ನನ್ನೊಡನೆ ಮಾತಿಲ್ಲ. ಗಿರಾಕಿಗಳಿಗೆ ಹೇಳಿದ್ದನ್ನು ಕೇಳಿಸಿಕೊಂಡು ನಾನು ಕೆಲಸ ಮಾಡಬೇಕು. "ಆ ಮೋಟಾರಿನ ಬೇರಿಂಗ್ ಹೋಗಿದೆ ಅಂತ ಅವಳಿಗೆ ಹೇಳಿ" ಎಂದು ನಾನು ಎರಡಡಿ ದೂರದಲ್ಲಿ ನಿಂತಿರುವಾಗ! ಗಿರಾಕಿ ಪಾಪ ನನ್ನ ಮುಖ ನೋಡುತ್ತಾನೆ, ಅವರ ಮುಖ ನೋಡುತ್ತಾನೆ.

ಹನ್ನೆರಡನೆಯ ದಿನ ಬೆಳಗ್ಗೆ ನೇರವಾಗಿ ನನ್ನನ್ನೇ ಕೇಳಿದರು. "ಆ ಲಿಫ್ಟ್ ಗಿರಾಕಿ ಅವನೇ ಅಲ್ವೇನೇ?"

"ಹೌದಪ್ಪ."

"ಅವನು ಬರೆದದ್ದೆಲ್ಲ ತಗೊಂಡು ಬಾ."

ಕೊಟ್ಟೆ. ಭೂತಗನ್ನಡಿ ಹಿಡಿದು ಒಂದೊಂದೇ ಓದಿದರು. ಪ್ಲಗ್ ನೋಡಲು ವಾಪಸು ಹೋಗುತ್ತಿದ್ದೆ ಎಂದು ಬರೆದಿದ್ದೀಯಲ್ಲ, ಆ ಹಾಳೆಯನ್ನು ಬಹಳ ಹೊತ್ತು ಹಿಡಿದಿದ್ದರು. ಆಮೇಲೆ ನಿನ್ನ ಸರ್ಕ್ಯೂಟಿನ ಚಿತ್ರವನ್ನು ಬೆಂಚಿನ ಮೇಲೆ ಹರಡಿಕೊಂಡರು. ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಬರೆದುಕೊಳ್ಳಲು ಪೆನ್ನು ತಂದರೆ, "ನೀನು ಬೇಡ. ಇದನ್ನ ನಾನೇ ಬರೀತೀನಿ" ಅಂದರು. ಎರಡು ದಿನ ಬರೆದರು. ಅವರದು ಬೇರೆ ಕವರಿನಲ್ಲಿದೆ. ನಾನು ಓದಿಲ್ಲ.

ಅಕ್ಕ

—

ಜುಲೈ 19

ತಗಡು,

ಎಡಗೈ ಬರಹ. ಓದಲು ಆಗದಿದ್ದರೆ ಹೆಂಡತಿಯ ಕೈಲಿ ಓದಿಸು.

ಮೊದಲು ಕೆಲಸ. ಕರೆಂಟು ಡಯೋಡುಗಳಿಂದ ಮೊದಲನೆಯ ದೊಡ್ಡ ಕೆಪಾಸಿಟರಿಗೆ ಒಂದೇ ಸಮ ಹರಿದು ಬರುವುದಿಲ್ಲ. ಸೆಕೆಂಡಿಗೆ ನೂರು ಸಲ ಗುದ್ದು ಗುದ್ದಾಗಿ ಬರುತ್ತದೆ. ಆ ಗುದ್ದು ಹೋಗುವ ತಂತಿಗೇ ನೀನು ಸ್ಪೀಕರ್ ಕಡೆಯ ನೆಲತಂತಿಯನ್ನು ಕಟ್ಟಿದ್ದೀಯ. ಅಲ್ಲಿಂದ ಬಿಚ್ಚು. ಕೆಪಾಸಿಟರ್ ದಾಟಿದ ಮೇಲೆ ಒಂದು ಬೋಲ್ಟು ಹಾಕಿ, ಎಲ್ಲ ನೆಲತಂತಿಗಳನ್ನೂ ಅದೊಂದೇ ಬೋಲ್ಟಿಗೆ ತಂದು ಬಿಗಿ. ಬೇರೆಲ್ಲೂ ಒಂದಕ್ಕೊಂದು ತಾಕಬಾರದು. ಉಳಿದ ಜೋಡಣೆ ಚೊಕ್ಕವಾಗಿದೆ. ನಾನು ಮಾಡಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಇನ್ನೊಂದು. ನಲವತ್ತು ವರ್ಷ ಯಾರ ಮೋಟಾರನ್ನೂ ಮೀಟರ್ ಹಿಡಿಯದೆ ಕೆಟ್ಟಿದೆ ಎಂದು ನಾನು ಹೇಳಿದವನಲ್ಲ. ನಿನ್ನ ಒಬ್ಬನ ವಿಷಯದಲ್ಲಿ ನೋಡದೆ ಹೇಳಿದೆ. ಅವಳು ಮುಚ್ಚಿಟ್ಟದ್ದು ಅವಳ ತಪ್ಪು. ಪರೀಕ್ಷೆ ಮಾಡದೆ ತೀರ್ಪು ಕೊಟ್ಟದ್ದು ನನ್ನದು.

ಬರಬಹುದೋ ಬೇಡವೋ ತಿಳಿಸು.

ಅಪ್ಪ

—

ಆಗಸ್ಟ್ 16

ಅಕ್ಕ,

ಅಪ್ಪ ಗುರುವಾರ ಬಂದರು. ಬಸ್ ನಿಲ್ದಾಣದಲ್ಲಿ ಗುರುತು ಸಿಗುವುದೋ ಇಲ್ಲವೋ ಎಂದು ಅರ್ಧ ಗಂಟೆ ಮೊದಲೇ ಹೋಗಿ ನಿಂತಿದ್ದೆ. ಚೀಲವನ್ನು ಎಡಗೈಯಲ್ಲಿ ಹಿಡಿದು ಇಳಿದರು. ನಾನು ಕೈ ಚಾಚಿದರೆ, "ಇರಲಿ, ಇದರಲ್ಲಿ ಮೀಟರ್ ಇದೆ" ಅಂದರು. ಮೊದಲ ಮಾತು ಅದೇ.

ಮನೆಗೆ ಬಂದು ನೀರು ಕುಡಿದರು. ನನ್ನ ಹೆಂಡತಿಯನ್ನು ನೋಡಿ, "ಇವನು ಊಟಕ್ಕೆ ಕೂತಾಗ ತಟ್ಟೆ ಬಡೀತಾನಾ ಈಗಲೂ?" ಅಂತ ಕೇಳಿದರು. "ಬಡೀತಾರೆ ಮಾವ, ಅದಕ್ಕೇ ಸ್ಟೀಲ್ ತಟ್ಟೆ ಬಿಟ್ಟು ಪ್ಲಾಸ್ಟಿಕ್ ತಂದಿದ್ದೀನಿ" ಅಂದಳು. ಅಪ್ಪ ನಕ್ಕರು. ನಾನು ಸುಮ್ಮನೆ ಬಾಲ್ಕನಿಗೆ ಹೋದೆ.

ಅವರು ಬರೆದಂತೆ ಬೋಲ್ಟು ಹಾಕಿ ಎಲ್ಲವನ್ನೂ ಅದಕ್ಕೆ ತಂದಿದ್ದೆ, ಆದರೆ ಅವರು ಬರಲೆಂದು ಒಂದು ತಂತಿಯನ್ನು ಬೆಸೆಯದೆ ಬಿಟ್ಟಿದ್ದೆ. ಅವರ ಎದುರೇ ಬೆಸೆದೆ. ಅವರು ನೋಡುತ್ತಿದ್ದರು. ತಾವೇ ಮೀಟರ್ ತೆಗೆದು ಎಡಗೈಯಿಂದ ಐದು ವೋಲ್ಟು ನೋಡಿದರು, ಹನ್ನೆರಡು ನೋಡಿದರು, ಸ್ವಿಚ್ ಆರಿಸಿ ಎಲ್ಲ ಬೆಸುಗೆಗಳನ್ನೂ ಒಂದೊಂದಾಗಿ ಜಗ್ಗಿ ನೋಡಿದರು. ತಲೆಯಾಡಿಸಿದರು. ಚಿಪ್ಪನ್ನು ಸಾಕೆಟ್ಟಿಗೆ ಒತ್ತಿದೆ. ಕೂಡಲೇ ಅವರು "ಕಾಫಿ ಕುಡಿದು ಬರ್ತೀನಿ" ಎಂದು ಒಳಗೆ ಹೋದರು. ನೋಡಲು ಧೈರ್ಯ ಸಾಲದೆ ಹೋದರು ಎಂದು ನನಗೆ ಅನುಮಾನ. ಅವರು ಒಳಗಿದ್ದಾಗಲೇ ಸ್ವಿಚ್ ಹಾಕಿದೆ.

ತಿರುಗಿ ಬಂದು ಸ್ಪೀಕರಿಗೆ ಕಿವಿ ಹಚ್ಚಿ ಬಗ್ಗಿ ನಿಂತರು.

"ಹ್ಞೂಂ, ಹಾಕು."

"ಹಾಕಿದ್ದೀನಿ ಅಪ್ಪ. ಕಾಲು ಗಂಟೆಯಾಯ್ತು."

ಅವರು ಕಿವಿ ತೆಗೆಯಲಿಲ್ಲ. ಕಣ್ಣು ಮುಚ್ಚಿದ್ದರು. ಹೊಲಿಗೆ ಮೆಷಿನ್ ನಿಂತಿತು, ಬೀದಿಯಲ್ಲಿ ಯಾವುದೋ ಸೈಕಲ್ಲಿನ ಚೈನು ಕಿರ್ರೆಂದದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅವರು ಬಲಗೈ ಎತ್ತಿ, ಮಡಚಲಾಗದ ಆ ಬೆರಳುಗಳಿಂದ ಒಂದೇ ಸಲ ನಾಲ್ಕು ಕೀಲಿ ಒತ್ತಿದರು. ಪೆಟ್ಟಿಗೆ ಬಾಯಿಬಿಟ್ಟು ಹಾಡಿತು. ಒರಟು ದನಿ, ಸುತ್ತ ಒಂದಿಷ್ಟೂ ಧೂಳಿಲ್ಲ. ಬೆಚ್ಚಿ ಕೈ ತೆಗೆದರು. ಸದ್ದು ನಿಂತಿತು. ಮತ್ತೆ ಒತ್ತಿದರು.

ಮೊನ್ನೆ ಕಂಪನಿಯಲ್ಲಿ ಹಿರಿಯ ಮೆಕ್ಯಾನಿಕ್ ಕೆಲಸಕ್ಕೆ ಒಪ್ಪಿ ಬಂದೆ.

ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಇದೆ. ಕೆಲವು ದಿನ ಎದ್ದ ಕೂಡಲೇ ಇರುತ್ತದೆ, ಕೆಲವು ದಿನ ಮಧ್ಯಾಹ್ನ ಬರುತ್ತದೆ. ಅದು ಪೂರ್ತಿ ಹೋಗಲಿ ಎಂದು ಕಾದರೆ ಇನ್ನೊಂದು ಒಂಬತ್ತು ವರ್ಷ ಕೈಬಿಟ್ಟು ಹೋದೀತು. ಅಷ್ಟು ಕಾಯಲು ನನಗೆ ಇಷ್ಟವಿಲ್ಲ.

ಅಪ್ಪ ಈ ತಿಂಗಳ ಕೊನೆಯ ಭಾನುವಾರದವರೆಗೆ ಇಲ್ಲಿರುತ್ತಾರೆ. ಬರುವಾಗ ಒಬ್ಬರೇ ಬಂದರು, ನಿಜ. ಹೋಗುವಾಗ ಒಬ್ಬರನ್ನೇ ಬಸ್ಸು ಹತ್ತಿಸಲು ನನಗೆ ಮನಸ್ಸಿಲ್ಲ. ಕರೆದುಕೊಂಡು ಹೋಗಲು ನೀನು ಬಾ. ಶನಿವಾರವೇ ಬಾ.

ನಿನ್ನ ತಮ್ಮ